ಅಟ್ಟದ ಕುಂಬಳ, ಮನೆಯ ಬೀಜ

ಮೇ ತಿಂಗಳ ಕೊನೆಯಲ್ಲಿ ಮಲೆನಾಡಿನ ಯಾವುದೇ ಪೇಟೆಯ ಬೀಜ-ಗೊಬ್ಬರದ ಅಂಗಡಿಗೆ ಹೋದರೂ, ಸಾಲಾಗಿ ತೂಗುಹಾಕಿದ ಬಣ್ಣದ ಪೊಟ್ಟಣಗಳ ನಡುವೆ ಸಿಹಿಗುಂಬಳದ ಬೀಜವೂ ಕಾಣಸಿಗುತ್ತದೆ. ಅದನ್ನು ಕೊಳ್ಳುವವರೆಲ್ಲ ತರಕಾರಿ ಬೆಳೆದು ಮಾರುವವರಲ್ಲ; ಹಿತ್ತಲಿಗೆ ಎರಡು ಬಳ್ಳಿ ಸಾಕೆನ್ನುವ ಮನೆಯವರೂ ಕೊಳ್ಳುತ್ತಾರೆ. ಒಂದು ತಲೆಮಾರಿನ ಹಿಂದೆ ಇಂಥ ಮನೆಗಳಲ್ಲಿ ಕುಂಬಳದ ಬೀಜಕ್ಕೆ ದುಡ್ಡು ತೆರುವ ಮಾತೇ ಇರಲಿಲ್ಲ. ಅಟ್ಟದ ಮೇಲಿಟ್ಟ ಕಾಯಿಯನ್ನು ಹೆಚ್ಚಿದ ದಿನವೇ ಬೀಜ ಬೇರೆಯಾಗಿ, ಬೂದಿ ಬೆರೆತು ಡಬ್ಬಿ ಸೇರುತ್ತಿತ್ತು. ಇಲ್ಲವೇ ಸೌತೆಬೀಜದಂತೆ ಸಗಣಿಯಲ್ಲಿ ಕೂಡಿ ಗೋಡೆಗೆ ಅಂಟುತ್ತಿತ್ತು. ನೆರೆಮನೆಯವರು ಕೇಳಿದರೆ ಹತ್ತು ಬೀಜ ಕೊಡುವುದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಬೀಜದ ಹಕ್ಕಿನ ಕುರಿತು ಚಳವಳಿಗಳು ಬಹಳ ಮಾತನಾಡಿವೆ, ಮಾತನಾಡಬೇಕಾದದ್ದೂ ಹೌದು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೆಯ ಪ್ರಕರಣವು ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಮತ್ತೆ ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ; ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದೊಂದೇ ಮಿತಿ. ಆದರೆ ಮನೆಯಲ್ಲಿ ಬೀಜವೇ ಇಲ್ಲದಿದ್ದರೆ, ಇದ್ದರೂ ಅದು ಯಾವ ತಳಿಯದೆಂದು ಯಾರಿಗೂ ಗೊತ್ತಿಲ್ಲದಿದ್ದರೆ, ಆ ಹಕ್ಕು ಯಾವುದರ ಮೇಲಿನ ಹಕ್ಕು? ಕುಂಬಳದ ಬಳ್ಳಿ ಕೇಳುತ್ತಿರುವ ಪ್ರಶ್ನೆ ಇದು. ಭತ್ತದ ವಿಷಯದಲ್ಲಿ ಇದು ಇಷ್ಟು ತೀವ್ರವಾಗಿಲ್ಲ. ಭತ್ತದ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಪರಾಗ ಜಿಗುಟಾಗಿರುವುದರಿಂದ ಗಾಳಿಗೆ ಹಾರದು, ಜೇನು ಹೊತ್ತು ತರಬೇಕು. ಆ ಜೇನು ಹಿಂದಿನ ಹೂವನ್ನು ಯಾರ ಹಿತ್ತಲಿನಲ್ಲಿ ಕಂಡಿತ್ತು ಎಂಬುದನ್ನು ಯಾರೂ ಬಲ್ಲವರಿಲ್ಲ.

ಹೀಗಾಗಿ ಅಜ್ಜಿಯ ಕಾಲದ ಬೀಜವನ್ನು ಶ್ರದ್ಧೆಯಿಂದ ಕಾಪಿಟ್ಟ ಮನೆಯಲ್ಲಿಯೂ ತಳಿ ಕೈತಪ್ಪಬಹುದು. ಪಕ್ಕದ ಹಿತ್ತಲಿನಲ್ಲಿ ಅಂಗಡಿಯ ಹೈಬ್ರಿಡ್ ಬಳ್ಳಿಯೊಂದು ಹೂ ಬಿಟ್ಟರೆ ಸಾಕು. ಬೆರಕೆಯಾದದ್ದು ಆ ವರ್ಷ ಗೊತ್ತೇ ಆಗುವುದಿಲ್ಲ. ಕಾಯಿಯ ತಿರುಳು, ಸಿಪ್ಪೆ, ಆಕಾರ ಎಲ್ಲವೂ ತಾಯಿಬಳ್ಳಿಯವು. ಬೆರಕೆ ಅಡಗಿರುವುದು ಒಳಗಿನ ಬೀಜದಲ್ಲಿ. ಮರುವರ್ಷ ಬಳ್ಳಿ ಬೇರೆಯದೇ ಕಾಯಿ ಬಿಟ್ಟಾಗ ಮಣ್ಣನ್ನೋ ಮಳೆಯನ್ನೋ ದೂರುವುದು ವಾಡಿಕೆ. ಪ್ರಮಾಣಿತ ಬೀಜ ಬೆಳೆಸುವವರು ಎರಡು ತಳಿಗಳ ನಡುವೆ 500 ಮೀಟರ್ ಅಂತರ ಬಿಡುತ್ತಾರೆ. ಒಂದೇ ಕೇರಿಯ ಹಿತ್ತಲುಗಳಿಗೆ ಈ ಲೆಕ್ಕ ಎಲ್ಲಿಂದ ಹೊಂದೀತು?

ಯಾವುದು ಯಾವುದರೊಡನೆ ಬೆರೆಯುತ್ತದೆ ಎಂಬ ಬಗ್ಗೆ ಅನಗತ್ಯ ಭಯವೂ ಬೇಡ. ಸೌತೆ, ಹೀರೆ, ಬೂದುಗುಂಬಳ ಇವು ಸಿಹಿಗುಂಬಳದೊಡನೆ ಬೆರೆಯುವುದಿಲ್ಲ. ಬೂದುಗುಂಬಳ ಏಷ್ಯಾದ ಹಳೆಯ ಬೆಳೆ. ಸಿಹಿಗುಂಬಳವಾದರೋ ಅಮೆರಿಕ ಖಂಡದಿಂದ ಬಂದದ್ದು. ಅದನ್ನು ಚೀನಿಕಾಯಿ ಎಂದು ಕರೆಯುವ ಊರುಗಳಿಗೆ ಅದು ಹೊರಗಿನದೆಂಬ ನೆನಪು ಉಳಿದಿದೆ, ದಿಕ್ಕು ಮಾತ್ರ ತಪ್ಪಿದೆ. ಸಿಹಿಗುಂಬಳದಲ್ಲಿಯೂ ಎರಡು ಪ್ರಭೇದಗಳುಂಟು. ತೊಟ್ಟು ಗಟ್ಟಿಯಾಗಿ, ಐದು ಏಣುಗಳಿಂದ ಕೂಡಿ, ಕಾಯಿ ಸೇರುವಲ್ಲಿ ಅಗಲವಾಗಿದ್ದರೆ ಅದು ಮೊಸ್ಕಾಟ. ತೊಟ್ಟು ಗುಂಡಾಗಿ ಬೆಂಡಿನಂತಿದ್ದರೆ ಮ್ಯಾಕ್ಸಿಮಾ. ಇವೆರಡು ಪರಸ್ಪರ ಬೆರೆಯುವುದು ಕಷ್ಟ. ಆದರೆ ಒಂದೇ ಪ್ರಭೇದದ ಎರಡು ತಳಿಗಳು ಸಲೀಸಾಗಿ ಬೆರೆಯುತ್ತವೆ.

ತಳಿಯನ್ನು ಕಾಯುವ ಉಪಾಯಕ್ಕೆ ಒಂದು ತುಂಡು ದಾರ ಮತ್ತು ಬೆಳಗಿನ ಕಾಲು ಗಂಟೆ ಸಾಕು. ಬುಡದಲ್ಲಿ ಪುಟ್ಟ ಮಿಡಿ ಹೊತ್ತಿರುವುದು ಹೆಣ್ಣು ಹೂವು. ತೆಳ್ಳಗಿನ ಉದ್ದ ತೊಟ್ಟಿನ ಮೇಲೆ ನಿಂತಿರುವುದು ಗಂಡು. ಮೊದಲು ಬರುವುದು ಗಂಡು ಹೂವುಗಳೇ. ಹತ್ತಾರು ಹೂ ಅರಳಿದರೂ ಕಾಯಿಲ್ಲವೆಂದು ಬಳ್ಳಿಯನ್ನು ಶಪಿಸುವವರು ಒಂದೆರಡು ವಾರ ತಾಳಬೇಕು. ಮರುದಿನ ಅರಳಲಿರುವ ಮೊಗ್ಗಿನ ತುದಿ ಸಂಜೆಗೇ ಹಳದಿಯಾಗಿರುತ್ತದೆ. ಅಂಥ ಒಂದು ಹೆಣ್ಣು ಮೊಗ್ಗನ್ನೂ, ಸಾಧ್ಯವಾದರೆ ಅದೇ ತಳಿಯ ಇನ್ನೊಂದು ಬಳ್ಳಿಯ ಎರಡು ಗಂಡು ಮೊಗ್ಗುಗಳನ್ನೂ ತುದಿಯಲ್ಲಿ ದಾರದಿಂದ ಸಡಿಲವಾಗಿ ಕಟ್ಟಬೇಕು. ಬೆಳಕು ಹರಿದ ಮೇಲೆ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಪರಾಗ ತುಂಬಿದ ನಡುಗಂಬವನ್ನು ಹೆಣ್ಣು ಹೂವಿನ ಒಳಗಿನ ಶಲಾಕೆಯ ಹಾಲೆಗಳಿಗೆಲ್ಲ ಮೃದುವಾಗಿ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಡಬೇಕು. ಬಿಸಿಲೇರಿದ ಮೇಲೆ ಮಾಡಿದರೆ ಫಲವಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಹೂವು ಮುದುಡುತ್ತದೆ. ಗುರುತಿಗೆ ತೊಟ್ಟಿಗೊಂದು ಬಣ್ಣದ ಬಟ್ಟೆಯ ಚೂರು ಕಟ್ಟಬೇಕು, ಇಲ್ಲವಾದರೆ ಬೀಜದ ಕಾಯಿ ಹುಳಿಗೋ ಸಾಸಿವೆಗೋ ಸೇರಿಹೋಗುತ್ತದೆ. ಕೆಲವೇ ದಿನಗಳಲ್ಲಿ ಮಿಡಿ ಹಳದಿಯಾಗಿ ಉದುರಿದರೆ ಫಲ ಕಚ್ಚಲಿಲ್ಲವೆಂದು ತಿಳಿದು ಮತ್ತೊಂದು ಹೂವಿಗೆ ಪ್ರಯತ್ನಿಸಬೇಕು.

ಆಷಾಢದ ಜಡಿಮಳೆಯಲ್ಲಿ ಇದಾವುದೂ ನಡೆಯದು. ಪರಾಗ ತೊಯ್ದು ಕೆಡುತ್ತದೆ, ಜೇನು ಗೂಡು ಬಿಡುವುದಿಲ್ಲ, ನೆಲದ ಮೇಲಿನ ಮಿಡಿ ಕೊಳೆಯುತ್ತದೆ. ಗೊಬ್ಬರಗುಂಡಿಯ ಅಂಚಿನಲ್ಲಿ ಬಿತ್ತಿ ಬಳ್ಳಿಯನ್ನು ಕೊಟ್ಟಿಗೆಯ ಮಾಡಿಗೆ ಹಬ್ಬಿಸುವ ಹಳೆಯ ರೂಢಿಯ ಹಿಂದಿನ ವಿವೇಕ ಇಲ್ಲಿದೆ: ನೀರು ನಿಲ್ಲದು, ಗಾಳಿ-ಬೆಳಕು ಸಿಗುತ್ತದೆ. ಬೀಜಕ್ಕಾಗಿಯೇ ಬೆಳೆಯುವವರು ಮಳೆ ಇಳಿದ ಮೇಲೆ ಬಿತ್ತಿ, ಬಚ್ಚಲ ನೀರಿನ ಆಸರೆಯಲ್ಲಿ ಬೇಸಿಗೆಗೆ ಕಾಯಿ ಪಡೆಯುವುದು ಹೆಚ್ಚು ಖಚಿತ. ಮೊಳೆತ ಎಳೆ ಎಲೆಗಳನ್ನು ಕೆಂಪು ದುಂಬಿ ತಿನ್ನತೊಡಗಿದರೆ ಬೆಳಗಿನ ಇಬ್ಬನಿಯ ಮೇಲೆ ಒಲೆಬೂದಿ ಎರಚಬೇಕು. ಮಿಡಿಗಳಿಗೆ ಹಣ್ಣುನೊಣದ ಕಾಟ ಹೆಚ್ಚು. ಹಳೆಯ ಬಟ್ಟೆಯ ಚೀಲ ತೊಡಿಸುವುದು ಸರಳ ರಕ್ಷಣೆ. ಹುಳ ಬಿದ್ದ ಮಿಡಿಗಳನ್ನು ಗೊಬ್ಬರಗುಂಡಿಯ ಮೇಲೆ ಎಸೆಯುವ ಅಭ್ಯಾಸ ಮಾತ್ರ ನಿಲ್ಲಬೇಕು. ಆ ಹುಳ ಕೋಶವಾಗುವುದು ಮಣ್ಣಿನಲ್ಲಿಯೇ; ಆಳವಾಗಿ ಹೂಳದಿದ್ದರೆ ಅದನ್ನು ಸಾಕಿದಂತೆ.

ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ವಿಷ ಸಿಂಪಡಿಸುವವರು ಕೀಟವನ್ನಷ್ಟೇ ಕೊಲ್ಲುವುದಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಜೇನುಕುಟುಂಬಗಳನ್ನು ಬಹುಪಾಲು ಅಳಿಸಿಹಾಕಿದ್ದನ್ನು ಈ ಸೀಮೆ ಮರೆಯುವಂತಿಲ್ಲ.

ಬೀಜದ ಕಾಯಿ ಬಳ್ಳಿಯಲ್ಲಿಯೇ ಪೂರ್ಣ ಬಲಿಯಬೇಕು. ಉಗುರು ಊರಿದರೆ ಸಿಪ್ಪೆಗೆ ಇಳಿಯಬಾರದು. ತೊಟ್ಟು ಸಹಿತ ಕೊಯ್ದು ಮೂರು-ನಾಲ್ಕು ವಾರ ಅಟ್ಟದಲ್ಲಿಟ್ಟರೆ ಒಳಗಿನ ಬೀಜ ಇನ್ನಷ್ಟು ತುಂಬಿಕೊಳ್ಳುತ್ತದೆ. ಅಟ್ಟದ ಪದ್ಧತಿಗೆ ಸಸ್ಯಶಾಸ್ತ್ರದ ಸಮ್ಮತಿಯೂ ಇದೆಯೆನ್ನಲು ಅಡ್ಡಿಯಿಲ್ಲ. ಹೆಚ್ಚಿದಾಗ ತಿರುಳಿನ ಒಂದು ಚೂರನ್ನು ನಾಲಗೆಗೆ ತಾಗಿಸಿ ನೋಡಬೇಕು. ಕಹಿಯಿದ್ದರೆ ಉಗುಳಿ, ಕಾಯಿ-ಬೀಜ ಎರಡನ್ನೂ ಎಸೆಯಬೇಕು. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗದು. ಬೀಜ ತೊಳೆದು, ತೇಲುವ ಜಳ್ಳನ್ನು ಚೆಲ್ಲಿ, ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಒಂದೇ ಕಾಯಿಯನ್ನು ನೆಚ್ಚದೆ ಹಲವು ಬಳ್ಳಿಗಳ ಕಾಯಿಗಳಿಂದ ಬೀಜ ಕೂಡಿಸುವುದು ಲೇಸು.

ಪೊಟ್ಟಣದ ಬೀಜವೆಲ್ಲವೂ ಶತ್ರುವೆಂದು ಬಗೆಯುವುದು ನ್ಯಾಯವಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್, ಅರ್ಕಾ ಸೂರ್ಯಮುಖಿ ತಳಿಗಳು ಹೈಬ್ರಿಡ್‌ಗಳಲ್ಲ. ಅವುಗಳ ಬೀಜ ಉಳಿಸಿ ಮತ್ತೆ ಬಿತ್ತಬಹುದು. ಹೈಬ್ರಿಡ್ ಪೊಟ್ಟಣದ್ದು ಬೇರೆ ಕಥೆ: ಮೊದಲ ಪೀಳಿಗೆಯ ಏಕರೂಪ ಎರಡನೆಯದರಲ್ಲಿ ಚದುರುತ್ತದೆ, ಕೊಂಡವರು ಮತ್ತೆ ಕೊಳ್ಳಲೇಬೇಕು. ಕೃಷಿ ವಿಜ್ಞಾನಿಗಳು ತರಬೇತಿಗಳಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳದಿದ್ದುದು ಒಂದು ಲೋಪ. ಕೈಯಿಂದ ಪರಾಗ ಸವರುವ ವಿದ್ಯೆಯನ್ನು ಬೀಜೋತ್ಪಾದನೆಯ ತಾಕುಗಳಲ್ಲಿ ದಿನಗೂಲಿಯ ಹೆಂಗಸರಿಗೆ ಕಲಿಸಲಾಗಿದೆ. ಮನೆಬೀಜ ಕಾಯುವ ಹೆಂಗಸರಿಗೆ ಕಲಿಸುವುದು ಯಾರಿಗೂ ಹೊಳೆಯಲಿಲ್ಲ ಎನ್ನುವುದು ವಿಚಿತ್ರ.

ಮಂಗ, ಕಾಡುಹಂದಿಗಳ ಹಾವಳಿಗೆ ಬೇಸತ್ತು ಹಿತ್ತಲನ್ನೇ ಕೈಬಿಟ್ಟ ಮನೆಗಳಿವೆ, ಅವರಿಗೆ ಉಪದೇಶದಿಂದ ಪ್ರಯೋಜನವಿಲ್ಲ. ಒಂದು ಮನೆ ಸೋತರೂ ತಳಿ ಸೋಲದಂತೆ ಅದು ನಾಲ್ಕು ಮನೆಗಳಲ್ಲಿರಬೇಕು. ಶಿರಸಿಯ ವನಸ್ತ್ರೀ ಬಳಗದ ಮಹಿಳೆಯರು ಕೈತೋಟದ ಬೀಜಗಳನ್ನು ವಿನಿಮಯ ಮಾಡಿಕೊಳ್ಳುತ್ತ ತೋರಿಸಿದ ದಾರಿಯೂ ಇದೇ. ಬರುವ ಮಳೆಗಾಲಕ್ಕೆ ಮುನ್ನ ಪ್ರತಿ ಕೇರಿಯವರು ಒಮ್ಮೆ ಕೂಡಿ, ಯಾರ ಮನೆಯಲ್ಲಿ ಯಾವ ಕುಂಬಳದ ಬೀಜ ಉಳಿದಿದೆ ಎಂದು ಬರೆದಿಡಲಿ. ಈ ವರ್ಷ ಕೇರಿಯಲ್ಲೆಲ್ಲ ಒಂದೇ ತಳಿ ಬಿತ್ತುವುದೋ, ಬೇರೆ ಬೇರೆ ಬಿತ್ತಿ ಹೂವಿಗೆ ದಾರ ಕಟ್ಟುವುದೋ ಎಂಬುದನ್ನು ಅಲ್ಲಿಯೇ ತೀರ್ಮಾನಿಸಬಹುದು. ಡಬ್ಬಿಗಳ ಮೇಲೆ ತಳಿಯ ಹೆಸರು, ಕೊಟ್ಟವರ ಹೆಸರು, ವರ್ಷ ಈ ಮೂರನ್ನೂ ಬರೆಯುವುದಕ್ಕೆ ಒಂದು ಪೆನ್ಸಿಲ್ ಸಾಕು.