ಗ್ರಂಥಾಲಯ ಕರ ಕಟ್ಟಿದ್ದಾಯ್ತು. ಬದಲಿಗೆ ಅಲ್ಲಿ ಏನೇನು ಸಿಗುತ್ತೆ, ಏನು ಸಿಗ್ತಿಲ್ಲ?

ಏಪ್ರಿಲ್ ಬಂತು ಅಂದ್ರೆ ಪುರಸಭೆ ಕೌಂಟರ್ ಮುಂದೆ ಕ್ಯೂ. ಆ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಸಿಗುತ್ತೆ ಅನ್ನೋದು ಅಂಗಡಿಯವರಿಗೆಲ್ಲ ಗೊತ್ತು. ಆದರೆ ಅದೇ ರಸೀದಿಯಲ್ಲಿ ತೆರಿಗೆಯ ಜೊತೆಗೆ ಸೇರಿಕೊಂಡಿರುವ ಇನ್ನೊಂದು ಬಾಬತ್ತನ್ನು ನೋಡುವವರು ಕಮ್ಮಿ. ಅದು ಗ್ರಂಥಾಲಯ ಕರ. ತೆರಿಗೆ ಮೊತ್ತದ ಮೇಲೆ ಶೇ 6.

ಲೆಕ್ಕ ಸುಲಭ. ಒಂದು ಮಳಿಗೆಗೆ ವರ್ಷಕ್ಕೆ 5,000 ರೂಪಾಯಿ ತೆರಿಗೆ ಇದ್ದರೆ ಅದರ ಮೇಲೆ 300 ರೂಪಾಯಿ ಗ್ರಂಥಾಲಯದ ಹೆಸರಿನಲ್ಲಿ ಹೋಗುತ್ತೆ. ಹತ್ತು ವರ್ಷಕ್ಕೆ 3,000. ಹಳ್ಳಿಯಲ್ಲಿ ಪಂಚಾಯಿತಿಗೆ ಮನೆ ಕಂದಾಯ ಕಟ್ಟುವವರಿಗೂ ಇದು ತಪ್ಪಿದ್ದಲ್ಲ. ಬಾಡಿಗೆ ಅಂಗಡಿಯವರು ನೇರವಾಗಿ ಕಟ್ಟದೇ ಇರಬಹುದು, ಆದರೆ ಮಾಲೀಕರು ಕಟ್ಟಿದ ತೆರಿಗೆ ಕೊನೆಗೆ ಬಾಡಿಗೆಯಲ್ಲೇ ಬಂದು ಸೇರುತ್ತೆ.

ಈ ಕರ ಇಂದು ನಿನ್ನೆಯದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು. ಸರ್ಕಾರದ ಅನುದಾನ ಬಂದರೂ ಬರದಿದ್ದರೂ ಊರಿನ ಗ್ರಂಥಾಲಯ ಊರಿನ ದುಡ್ಡಿನಲ್ಲೇ ನಡೆಯಬೇಕು ಅನ್ನೋದು ಅದರ ಹಿಂದಿನ ಯೋಚನೆ. ಹಾಗಾಗಿ ‘ಲೈಬ್ರರಿ ಫ್ರೀ’ ಅನ್ನೋ ಮಾತು ಅರ್ಧ ಸತ್ಯ. ಬಾಗಿಲಲ್ಲಿ ದುಡ್ಡು ಕೇಳಲ್ಲ, ಅಷ್ಟೆ. ದುಡ್ಡು ಆಗಲೇ ಕಟ್ಟಿ ಆಗಿದೆ. ಕಟ್ಟಿದ ದುಡ್ಡಿಗೆ ಜನ ಏನು ಪಡೀತಿದ್ದಾರೆ ಅನ್ನೋದೇ ಈಗಿನ ಪ್ರಶ್ನೆ.

ಮೊಬೈಲಿನಲ್ಲೇ ಇರುವ ಗ್ರಂಥಾಲಯ

ಲೈಬ್ರರಿ ಅಂದ ತಕ್ಷಣ ಬಹಳ ಜನಕ್ಕೆ ನೆನಪಾಗೋದು ಬೆಳಗಿನ ಪೇಪರು, ಹಳೇ ಬೀರು, ಕಾದಂಬರಿ. ಆದರೆ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲೇ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರು ಮಾಡಿದೆ. ಮೊಬೈಲ್ ನಂಬರ್ ಕೊಟ್ಟು ನೋಂದಣಿ ಮಾಡಿಕೊಂಡರೆ ಸಾಕು, ಶುಲ್ಕ ಇಲ್ಲ. ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಕನ್ನಡ-ಇಂಗ್ಲಿಷ್ ಸಾಹಿತ್ಯ, ಪಾಠದ ವಿಡಿಯೊಗಳು ಅದರಲ್ಲಿವೆ. ಕೊರೊನಾ ಲಾಕ್‌ಡೌನ್‌ನಲ್ಲಿ ಲೈಬ್ರರಿ ಬಾಗಿಲು ಹಾಕಿದಾಗ ಪರೀಕ್ಷೆಗೆ ಓದುತ್ತಿದ್ದ ಎಷ್ಟೋ ಹುಡುಗರು ಇದಕ್ಕೆ ಸೇರಿದರು. ಅಂಗಡಿ ನಡೆಸುವವರಿಗೆ ಮಾತ್ರ ಇದರ ಸುದ್ದಿ ಹೆಚ್ಚು ಮುಟ್ಟಲಿಲ್ಲ.

ಇದರ ಹೊರಗೂ ಸರ್ಕಾರದ ದುಡ್ಡಿನಲ್ಲಿ ನಡೆಯುವ ಉಚಿತ ಸೌಲಭ್ಯಗಳು ಬೇಕಾದಷ್ಟಿವೆ. ಐಐಟಿ ಖರಗಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ. 2017ರಲ್ಲಿ ಶುರುವಾದ ‘ಸ್ವಯಂ’ನಲ್ಲಿ ಅಕೌಂಟೆನ್ಸಿಯಿಂದ ಹಿಡಿದು ಕಂಪ್ಯೂಟರ್‌ವರೆಗೆ ಕಾಲೇಜು ಮಟ್ಟದ ಕ್ಲಾಸುಗಳು ಸಿಗುತ್ತವೆ. ಪಾಠ ಕೇಳೋದಕ್ಕೆ ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಕನ್ನಡದ ನಿಘಂಟುಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಇದೆ. ಎಪಿಎಂಸಿಗಳ ದಿನದ ಧಾರಣೆ, ಆವಕ ನೋಡೋಕೆ ‘ಕೃಷಿ ಮಾರಾಟ ವಾಹಿನಿ’ ಇದೆ. ಯಾವ ಮಾರುಕಟ್ಟೆಯಲ್ಲಿ ಟೊಮೆಟೊ ಎಷ್ಟಕ್ಕೆ ಹೋಯ್ತು, ರಾಗಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಕೂತಲ್ಲೇ ನೋಡಬಹುದು.

ಡೇಟಾಬೇಸ್ ಅಂದ್ರೆ ಇದೇ. ಒಂದು ವಿಷಯಕ್ಕೆ ಸಂಬಂಧಪಟ್ಟ ಮಾಹಿತಿಯನ್ನು ಒಂದೇ ಕಡೆ ಜೋಡಿಸಿ, ಬೇಕಾದ್ದನ್ನು ಹುಡುಕಿ ತೆಗೆಯುವ ಹಾಗೆ ಇಟ್ಟಿರೋದು. ದೊಡ್ಡ ವಿದ್ಯೆ ಏನಲ್ಲ. ಆದರೆ ಎಲ್ಲಿದೆ, ಹೇಗೆ ಹುಡುಕಬೇಕು ಅಂತ ಮೊದಲನೇ ಸಲ ಯಾರಾದರೂ ತೋರಿಸಿಕೊಡಬೇಕು.

ನೋಟಿಸ್ ಬಂದಾಗ ಯಾರನ್ನು ಕೇಳೋದು?

ತೋರಿಸಿಕೊಡುವವರು ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ 2025ರ ಜುಲೈ ಸಾಕ್ಷಿ. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರೆಲ್ಲ ಗಾಬರಿಯಾದರು. ಬೆಂಗಳೂರಿನಲ್ಲಿ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದರು. ಬಂದ್ ಮಾತೂ ಬಂತು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದ ಮೇಲೆ ಬಿಸಿ ಇಳಿಯಿತು.

ಆ ಗಾಬರಿಯಲ್ಲಿ ಅರ್ಧ ಭಾಗ ಮಾಹಿತಿ ಇಲ್ಲದ್ದರಿಂದ ಬಂದಿದ್ದು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಸಿ ತರಕಾರಿ, ತಾಜಾ ಹಣ್ಣಿನಂಥ ವಿನಾಯಿತಿ ಸರಕನ್ನಷ್ಟೇ ಮಾರುವವರ ಲೆಕ್ಕ ಬೇರೆ. ಸರಕಿನ ವ್ಯಾಪಾರದಲ್ಲಿ ಒಂದೂವರೆ ಕೋಟಿವರೆಗೆ ವಹಿವಾಟು ಇರುವವರು ರಾಜಿ ತೆರಿಗೆ ಪದ್ಧತಿಗೆ, ಅಂದರೆ ಕಾಂಪೊಸಿಷನ್‌ಗೆ ಹೋಗಬಹುದು. ಫೋನ್‌ಗೆ ಬಂದ ಹಣವೆಲ್ಲ ವ್ಯಾಪಾರದ ಹಣವೂ ಅಲ್ಲ. ಅಣ್ಣ ತಮ್ಮಂದಿರ ಕೈಸಾಲ, ಚೀಟಿ ದುಡ್ಡು ಕೂಡ ಅದೇ ಖಾತೆಗೆ ಬಿದ್ದಿರುತ್ತೆ. ನೋಟಿಸ್‌ಗೆ ಉತ್ತರ ಕೊಡುವಾಗ ಅದನ್ನು ಬಿಡಿಸಿ ಹೇಳಬೇಕು.

ಇದರಲ್ಲಿ ಗುಟ್ಟು ಏನೂ ಇಲ್ಲ. ಎಲ್ಲ ಸರ್ಕಾರದ ಜಾಲತಾಣಗಳಲ್ಲೇ ಇದೆ. ಗದ್ದಲ ಆದ ಮೇಲೆ ಇಲಾಖೆಯೇ ‘ಜಿಎಸ್‌ಟಿ ಬಗ್ಗೆ ತಿಳಿಯಿರಿ’ ಅಂತ ಅಭಿಯಾನಕ್ಕೆ ಇಳಿಯಿತು. ಅದೇ ತಿಳಿವಳಿಕೆ ಆರು ತಿಂಗಳು ಮೊದಲು, ತಾಲ್ಲೂಕಿನ ಲೈಬ್ರರಿಯ ಒಂದು ಕೋಣೆಯಲ್ಲಿ, ಭಾನುವಾರ ಎರಡು ಗಂಟೆ ಕನ್ನಡದಲ್ಲಿ ಸಿಕ್ಕಿದ್ದರೆ ಎಷ್ಟೋ ಜನ ನಿದ್ದೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಉದ್ಯಮ್ ನೋಂದಣಿಯದ್ದೂ ಇದೇ ಕಥೆ. ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ಆದರೂ ಅದಕ್ಕೆ ದುಡ್ಡು ತೆತ್ತವರು ಕಡಿಮೆ ಇಲ್ಲ. ಸೈಬರ್ ಸೆಂಟರ್‌ನವರು ತಮ್ಮ ಕೆಲಸಕ್ಕೆ ಕೂಲಿ ತಗೊಂಡರೆ ಅದು ನ್ಯಾಯ. ಸರ್ಕಾರಿ ಪೋರ್ಟಲ್ ಥರಾನೇ ಕಾಣುವ ಖಾಸಗಿ ತಾಣಕ್ಕೆ ಹೋಗಿ ‘ಶುಲ್ಕ’ ಕಟ್ಟಿ ಬರೋದು ಮಾತ್ರ ಸುಮ್ಮನೆ ನಷ್ಟ.

ಬೇರೆ ಕಡೆ ಹೇಗೆ ನಡೆಯುತ್ತೆ?

ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಉದಾಹರಣೆ ನೋಡಬಹುದು. ಆ ರಾಜ್ಯದಲ್ಲಿ ವಾಸ ಮಾಡುವವರು, ಕೆಲಸ ಮಾಡುವವರು, ಓದುವವರು, ಆಸ್ತಿ ತೆರಿಗೆ ಕಟ್ಟುವವರು ಯಾರು ಬೇಕಾದರೂ ಕಾರ್ಡ್ ಪಡೆಯಬಹುದು. ಆ ಕಾರ್ಡ್ ಇದ್ದರೆ ಗ್ರಂಥಾಲಯ ಚಂದಾ ಕಟ್ಟಿ ತರಿಸುವ ಡೇಟಾಬೇಸ್‌ಗಳನ್ನು ಬಳಸಬಹುದು. ಮ್ಯಾನ್‌ಹ್ಯಾಟನ್‌ನ ಅದರ ಒಂದು ಶಾಖೆಯಲ್ಲಿ ಸಣ್ಣ ವ್ಯಾಪಾರಿಗಳಿಗೇ ಅಂತ ಬಿಸಿನೆಸ್ ಸೆಂಟರ್ ಇದೆ. ಅಂಗಡಿ ಇಡಬೇಕು ಅನ್ನುವವರು ಅಲ್ಲಿಗೆ ಹೋಗಿ ಮಾರುಕಟ್ಟೆ ಮಾಹಿತಿ ನೋಡಬಹುದು, ಸಲಹೆ ಪಡೆಯಬಹುದು, ಕ್ಲಾಸಿಗೆ ಕೂರಬಹುದು.

ಅಮೆರಿಕದ ದುಡ್ಡು, ಕಟ್ಟಡ ಇಲ್ಲಿಗೆ ಹೋಲಿಕೆಯಾಗಲ್ಲ, ನಿಜ. ಆದರೆ ಅಲ್ಲಿನ ಕ್ರಮ ಒಂದನ್ನು ಗಮನಿಸಬೇಕು. ಒಬ್ಬೊಬ್ಬರೇ ಕೊಂಡರೆ ದುಬಾರಿ ಆಗುವ ಮಾಹಿತಿಯನ್ನು ಗ್ರಂಥಾಲಯ ಎಲ್ಲರ ಪರವಾಗಿ ಒಂದೇ ಸಲ ಕೊಳ್ಳುತ್ತೆ, ಆಮೇಲೆ ಅದನ್ನು ಬಳಸೋದು ಹೇಗೆ ಅಂತ ಕೂರಿಸಿ ಕಲಿಸುತ್ತೆ. ಕೊಳ್ಳೋದು, ಕಲಿಸೋದು ಎರಡೂ ಒಂದೇ ಬಾಗಿಲಲ್ಲಿ.

ಕಾಲೇಜಿಗೆ ಉಂಟು, ಲೈಬ್ರರಿಗೆ ಇಲ್ಲ

ಎಲ್ಲರ ಪರವಾಗಿ ಒಂದೇ ಸಲ ಕೊಳ್ಳುವ ಕೆಲಸ ಭಾರತದಲ್ಲೂ ನಡೆದಿದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ಸಂಶೋಧನಾ ಪತ್ರಿಕೆಗಳು. ಸುಮಾರು 6,300 ಸಂಸ್ಥೆಗಳ 1.8 ಕೋಟಿ ವಿದ್ಯಾರ್ಥಿಗಳು, ಬೋಧಕರು, ಸಂಶೋಧಕರಿಗೆ ಅನುಕೂಲ ಅನ್ನೋದು ಸರ್ಕಾರದ ಲೆಕ್ಕ.

ಆದರೆ ಇದು ಇರೋದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ಸಾರ್ವಜನಿಕ ಗ್ರಂಥಾಲಯಗಳು ಆ ಪಟ್ಟಿಯಲ್ಲಿಲ್ಲ. ವಿಶ್ವವಿದ್ಯಾಲಯದ ಒಳಗಿರುವವನಿಗೆ ಸಿಗುವ ಕೃಷಿ ಸಂಶೋಧನೆ, ಅಡಿಕೆ ರೋಗದ ಬಗ್ಗೆ ಓದಬೇಕು ಅನ್ನುವ ಬೆಳೆಗಾರನಿಗೆ ಸಿಗಲ್ಲ. ಡಿಗ್ರಿ ಅರ್ಧಕ್ಕೆ ಬಿಟ್ಟು ಮೊಬೈಲ್ ಅಂಗಡಿಗೆ ಕೂತ ಹುಡುಗನಿಗೂ ಸಿಗಲ್ಲ. ಕಾಲೇಜಿನ ಗೇಟಿನಿಂದ ಆಚೆ ಬಂದ ಮೇಲೆ ಕಲಿಯೋಕೆ ಉಳಿಯುವ ಸಾರ್ವಜನಿಕ ಜಾಗ ಲೈಬ್ರರಿ ಒಂದೇ. ಅಲ್ಲೇ ಚಂದಾ ಇಲ್ಲ ಅಂದ್ರೆ, ಯಾರಿಗೆ ಹೆಚ್ಚು ಬೇಕೋ ಅವರೇ ಹೊರಗೆ ಉಳಿದ ಹಾಗಾಯ್ತು.

ಗಂಟು ಎಲ್ಲಿದೆ?

ಮೊದಲನೇ ಗಂಟು ಇಲಾಖೆಗಳದ್ದು. ಪೇಟೆಯ ಲೈಬ್ರರಿ ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿದ್ದು. ಗ್ರಾಮ ಪಂಚಾಯಿತಿಯ ಲೈಬ್ರರಿಗಳು, ರಾಜ್ಯದಲ್ಲಿ 5,600ಕ್ಕೂ ಹೆಚ್ಚು, 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. ಈ ಬದಲಾವಣೆಯಿಂದ ಒಳ್ಳೆಯದೂ ಆಗಿದೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು, ಎಷ್ಟೋ ಕಡೆ ಕಂಪ್ಯೂಟರ್ ಬಂತು, ಗೋಡೆಗೆ ಬಣ್ಣ ಬಂತು. ಆದರೆ ಪೇಟೆಯ ಲೈಬ್ರರಿಗೂ ಪಕ್ಕದ ಹಳ್ಳಿಯ ಅರಿವು ಕೇಂದ್ರಕ್ಕೂ ಮೇಲಧಿಕಾರಿ ಬೇರೆ, ಆದೇಶ ಬೇರೆ. ಇಬ್ಬರೂ ಸೇರಿ ಒಂದು ಕ್ಲಾಸ್ ಮಾಡಬೇಕು ಅಂದ್ರೂ ಎರಡು ಇಲಾಖೆ ಓಡಾಡಬೇಕು.

ಎರಡನೇ ಗಂಟು ದುಡ್ಡಿನದ್ದು. ಕರ ವಸೂಲಿ ಮಾಡೋದು ಸ್ಥಳೀಯ ಸಂಸ್ಥೆ, ಖರ್ಚು ಮಾಡಬೇಕಾದ್ದು ಗ್ರಂಥಾಲಯ. ಮಧ್ಯೆ ಹಣ ನಿಲ್ಲುತ್ತೆ. ಬೆಂಗಳೂರು ಮಹಾನಗರ ಪಾಲಿಕೆಯ ಗ್ರಂಥಾಲಯ ಕರದ ಬಾಕಿ ನೂರಾರು ಕೋಟಿ ರೂಪಾಯಿ ಆಗಿತ್ತು ಅನ್ನೋದು ಹಲವು ಸಲ ಸುದ್ದಿಯಾದ ವಿಷಯ. ದೊಡ್ಡ ಪಾಲಿಕೆಯ ಕಥೆ ಹೀಗಿದ್ದರೆ ಸಣ್ಣ ಪುರಸಭೆಯ ಲೆಕ್ಕವನ್ನೂ ಜನ ಕೇಳಲೇಬೇಕು.

ಮೂರನೇದು ಜನರದ್ದು. ಲೈಬ್ರರಿಯಲ್ಲಿ ಸಿಬ್ಬಂದಿ ಕಮ್ಮಿ. ಬಾಗಿಲು ತೆಗೆಯೋದು, ಪೇಪರ್ ಜೋಡಿಸೋದು, ರಿಜಿಸ್ಟರ್ ಬರೆಯೋದು, ಮಕ್ಕಳನ್ನು ನೋಡಿಕೊಳ್ಳೋದು ಎಲ್ಲಾ ಒಬ್ಬರೇ ಮಾಡುವ ಕಡೆ, ಡಿಜಿಟಲ್ ಕ್ಲಾಸೂ ನೀವೇ ಮಾಡಿ ಅಂದ್ರೆ ಆಗದ ಮಾತು. ಆ್ಯಪ್ ಬಿಡುಗಡೆಯಾದ ದಿನ ಫೋಟೊ ಬರುತ್ತೆ. ಅದನ್ನು ಬಳಸೋದು ಹೇಗೆ ಅಂತ ಐವತ್ತು ವರ್ಷದ ಕಿರಾಣಿ ಅಂಗಡಿಯವರಿಗೆ ತೋರಿಸಿಕೊಡುವ ಹುದ್ದೆ ಮಾತ್ರ ಎಲ್ಲೂ ಇಲ್ಲ.

ತಾಲ್ಲೂಕಿನಲ್ಲೇ ಆಗಬಹುದಾದ ಕೆಲಸ

ಎಲ್ಲದಕ್ಕೂ ಬೆಂಗಳೂರಿನ ಕಡೆ ನೋಡಬೇಕಿಲ್ಲ. ಕೆಲವು ಕೆಲಸ ಇಲ್ಲೇ ಆಗುತ್ತೆ.

ಮೊದಲು, ಪುರಸಭೆ ವರ್ಷಕ್ಕೆ ಎಷ್ಟು ಗ್ರಂಥಾಲಯ ಕರ ವಸೂಲಿ ಮಾಡಿದೆ, ಎಷ್ಟನ್ನು ಗ್ರಂಥಾಲಯಕ್ಕೆ ಕೊಟ್ಟಿದೆ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಲಿ. ಹಾಕದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಕೇಳಬಹುದು. ವರ್ತಕರ ಸಂಘಗಳು ಕೇಳಿದರೆ ಇನ್ನೂ ತೂಕ ಬರುತ್ತೆ.

ಎರಡು, ತಿಂಗಳಿಗೆ ಒಂದು ಕ್ಲಾಸ್. ಅಂಗಡಿಗೆ ರಜೆ ಇರುವ ದಿನ, ಲೈಬ್ರರಿಯಲ್ಲೇ. ಒಂದು ತಿಂಗಳು ಜಿಎಸ್‌ಟಿ, ಒಂದು ತಿಂಗಳು ಉದ್ಯಮ್ ನೋಂದಣಿ, ಇನ್ನೊಂದು ತಿಂಗಳು ಆನ್‌ಲೈನ್ ಮೋಸದಿಂದ ತಪ್ಪಿಸಿಕೊಳ್ಳೋದು. ಕಲಿಸೋಕೆ ಊರಲ್ಲೇ ಜನ ಇದ್ದಾರೆ. ತೆರಿಗೆ ಸಲಹೆಗಾರರು, ಬ್ಯಾಂಕಿನವರು, ಡಿಗ್ರಿ ಕಾಲೇಜಿನ ವಾಣಿಜ್ಯ ವಿಭಾಗದ ಮೇಷ್ಟ್ರುಗಳು. ಕೋಣೆ, ಕುರ್ಚಿ, ಇಂಟರ್‌ನೆಟ್ ಮಾತ್ರ ಲೈಬ್ರರಿ ಕೊಟ್ಟರೆ ಸಾಕು.

ಮೂರು, ಕನ್ನಡದಲ್ಲಿ ಒಂದು ಹಾಳೆ. ಯಾವ ಉಚಿತ ತಾಣ ಎಲ್ಲಿದೆ, ಯಾವುದಕ್ಕೆ ಏನು ಬೇಕು, ಎಲ್ಲಿ ದುಡ್ಡು ಕಟ್ಟಬಾರದು ಅಂತ ಬರೆದು ಲೈಬ್ರರಿ ಬಾಗಿಲಿಗೆ, ಎಪಿಎಂಸಿ ಗೋಡೆಗೆ, ಬಸ್ ಸ್ಟ್ಯಾಂಡಿಗೆ ಅಂಟಿಸೋದು.

ಇದರಲ್ಲಿ ಜನರ ಪಾಲೂ ಇದೆ. ಲೈಬ್ರರಿಗೆ ಯಾರೂ ಬರಲ್ಲ ಅಂತ ಅಧಿಕಾರಿಗಳು ಹೇಳ್ತಾರೆ, ಅಲ್ಲಿ ಏನೂ ಇರಲ್ಲ ಅಂತ ಜನ ಹೇಳ್ತಾರೆ. ಎರಡೂ ಮಾತು ಒಂದನ್ನೊಂದು ಸಾಕುತ್ತಾ ಬಂದಿವೆ. ಹಾಜರಿ ಪುಸ್ತಕದಲ್ಲಿ ಅಂಗಡಿಯವರ, ರೈತರ ಸಹಿ ಜಾಸ್ತಿ ಆದರೆ ಮುಂದಿನ ಬಜೆಟ್ ಕೇಳುವಾಗ ಲೈಬ್ರರಿಯವರ ಕೈಯಲ್ಲಿ ಒಂದು ಆಧಾರ ಇರುತ್ತೆ.

ತೆರಿಗೆ ಬಾಕಿ ಉಳಿಸಿದರೆ ಪುರಸಭೆ ದಂಡ ಹಾಕುತ್ತೆ. ಜನ ಕಟ್ಟಿದ ಕರಕ್ಕೆ ಸೇವೆ ಬಾಕಿ ಉಳಿದರೆ ಯಾರಿಗೂ ದಂಡ ಇಲ್ಲ. ಹಾಗಾಗಿ ಅದನ್ನು ಕೇಳಿಯೇ ಪಡೆಯಬೇಕು. ಈ ಸಲದ ರಸೀದಿ ಮನೆಯಲ್ಲಿದ್ದರೆ ತೆಗೆದು ಗ್ರಂಥಾಲಯ ಕರ ಎಷ್ಟು ಅಂತ ನೋಡಿ. ಆ ರಸೀದಿ ಹಿಡಿದೇ ಲೈಬ್ರರಿಗೆ ಹೋಗಿ, ಮೊದಲನೇ ಕ್ಲಾಸ್ ಯಾವತ್ತು ಅಂತ ಕೇಳಿ.