ಸುಂಕ ಇಳಿದ ದಿನ ಗೂಡಿನ ದರ: ಮದ್ದೂರು, ಮಳವಳ್ಳಿ ರೈತರ ಒಂದು ಲೆಕ್ಕ

2025ರ ಆಗಸ್ಟ್ 27ರಿಂದ ಭಾರತದ ಹಲವು ಸರಕುಗಳ ಮೇಲೆ ಅಮೆರಿಕವು ಶೇ. 50ರ ಸುಂಕ ವಿಧಿಸಿದಂದಿನಿಂದ, ಶ್ರೀಮಠದ ಶಿವಾನುಭವ ಗೋಷ್ಠಿಗೆ ಬರುವ ರೈತಬಾಂಧವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಅಮೆರಿಕದೋರು ಸುಂಕ ಹಾಕುದ್ರೆ ನಮ್ಗೇನಾಯ್ತದೆ ಸ್ವಾಮಿ?" ನಮ್ಮ ಭತ್ತವಾಗಲಿ, ಕಬ್ಬಾಗಲಿ, ಮದ್ದೂರಿನ ಎಳನೀರಾಗಲಿ ಅಮೆರಿಕದ ಸಂತೆಗೆ ಹೋಗುವುದಿಲ್ಲ. ಹೀಗಿರುವಾಗ ಚಿಂತೆಯೇಕೆ ಎಂಬುದು ಪ್ರಶ್ನೆಯ ಹಿಂದಿನ ಸಮಾಧಾನ. ಆ ಸಮಾಧಾನ ಪೂರ್ತಿ ನಿಜವಲ್ಲ. ಸುಂಕವೆಂಬುದು ದೂರದ ಬಂದರಿನಲ್ಲಿ ಏರಿಳಿದರೂ ಅದರ ಪೆಟ್ಟು ಹಿಪ್ಪುನೇರಳೆಯ ಸಾಲಿಗೆ ಹೇಗೆ ತಲಪುತ್ತದೆಂಬುದನ್ನು ನಮ್ಮ ಜಿಲ್ಲೆ ಒಮ್ಮೆ ಅನುಭವಿಸಿದೆ.

ಮೊದಲು ಒಂದು ಹಳೆಯ ಸಂಗತಿ. ಮಂಡ್ಯವನ್ನು ಸಕ್ಕರೆ ನಾಡೆಂದು ಕರೆಯುವಾಗ ನಾವು ಕನ್ನಂಬಾಡಿಯನ್ನೂ ವಿಶ್ವೇಶ್ವರಯ್ಯನವರನ್ನೂ ಕೋಲ್ಮನ್ ಅವರನ್ನೂ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆದರೆ 1932ರಲ್ಲಿ ಅಂದಿನ ಭಾರತ ಸರ್ಕಾರ ಸಕ್ಕರೆ ಉದ್ಯಮದ ರಕ್ಷಣೆಗಾಗಿ ಕಾಯಿದೆ ಮಾಡಿ, ಆಮದಾಗುತ್ತಿದ್ದ ಜಾವಾ ಸಕ್ಕರೆಯ ಮೇಲೆ ಭಾರಿ ಸುಂಕ ಹೇರಿತು. ಅದರ ಮರುವರ್ಷವೇ ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ ಸ್ಥಾಪನೆಯಾಯಿತು. ನಾಲೆಯ ನೀರಿಲ್ಲದೆ ಕಬ್ಬು ಬೆಳೆಯುತ್ತಿರಲಿಲ್ಲ, ನಿಜ. ಆದರೆ ಸುಂಕದ ಆಸರೆಯಿಲ್ಲದೆ ಆ ಕಬ್ಬಿನ ಸಕ್ಕರೆ ಮಾರುಕಟ್ಟೆಯಲ್ಲಿ ನಿಲ್ಲುತ್ತಿತ್ತೆಂದು ಹೇಳುವುದು ಕಷ್ಟ. ಮೈಸೂರು ಸಂಸ್ಥಾನದ ರೇಷ್ಮೆಗೂ ಚೀನಾ, ಜಪಾನುಗಳ ಅಗ್ಗದ ರೇಷ್ಮೆಯಿಂದ ಪೆಟ್ಟು ಬಿದ್ದಾಗ ಸುಂಕ ಮಂಡಳಿ ವಿಚಾರಣೆ ನಡೆಸಿ, 1934ರಲ್ಲಿ ರಕ್ಷಣೆ ದೊರೆಯಿತು. ಅಂದರೆ ಇಂದು ನಾವು ಚರ್ಚಿಸುತ್ತಿರುವುದು ತೊಂಬತ್ತು ವರ್ಷಗಳ ಹಳೆಯ ವಿಚಾರ.

ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ರೇಷ್ಮೆಯನ್ನು ನೆಚ್ಚಿದವರಲ್ಲಿ ಬಹುಮಂದಿ ಸಣ್ಣ ಹಿಡುವಳಿದಾರರು. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿರುವವರಿಗೆ ನೀರು ಬಂದರೆ ಭತ್ತ, ಬಾರದಿದ್ದರೆ ಕೊಳವೆಬಾವಿಯನ್ನು ನಂಬಿದ ಒಂದೆಕರೆ ಹಿಪ್ಪುನೇರಳೆ. ಈ ಕಸುಬಿನ ಶ್ರಮವನ್ನು ಅರಿಯದವರಿಗೆ ಹೇಳಬೇಕು: ಚಾಕಿ ಹುಳು ಮನೆಗೆ ಬಂದ ದಿನದಿಂದ ಹುಳು ಹಣ್ಣಾಗಿ ಚಂದ್ರಿಕೆ ಏರುವವರೆಗೆ ಮನೆಮಂದಿಗೆ ಹಗಲುರಾತ್ರಿಯ ವ್ಯತ್ಯಾಸವಿರುವುದಿಲ್ಲ. ನಾಲ್ಕು ಜ್ವರ ದಾಟಿದ ಮೇಲೆ ಹುಳು ತಿನ್ನುವ ಸೊಪ್ಪಿಗೆ ಮಿತಿಯಿಲ್ಲ. ಮನೆಯ ಹೆಣ್ಣುಮಕ್ಕಳು ಆ ದಿನಗಳಲ್ಲಿ ನೆಂಟರ ಮನೆಯ ಮದುವೆಗೂ ಹೋಗುವುದಿಲ್ಲ. ತಿಂಗಳ ಕೊನೆಗೆ ಗೂಡನ್ನು ಚೀಲಕ್ಕೆ ತುಂಬಿ ರಾಮನಗರದ ಮಾರುಕಟ್ಟೆಗೆ ಒಯ್ದರೆ ಕೆಲವೇ ಗಂಟೆಗಳಲ್ಲಿ ಹರಾಜು ಮುಗಿಯುತ್ತದೆ. ಅಂದಿನ ದರ ಒಪ್ಪಿಗೆಯಾಗಲಿಲ್ಲವೆಂದು ಮನೆಗೆ ತಂದಿಟ್ಟುಕೊಳ್ಳುವ ಸರಕಲ್ಲ ಅದು. ದಿನ ಮೀರಿದರೆ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ.

2011ರ ಫೆಬ್ರವರಿ 28ರಂದು ಮಂಡಿತವಾದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಗೂಡಿನ ದರ ತೀವ್ರವಾಗಿ ಕುಸಿಯಿತು. ರೈತರು ಬೀದಿಗಿಳಿದರು. ಆ ವರ್ಷ ಮದ್ದೂರು ತಾಲ್ಲೂಕಿನ ಯುವ ರೇಷ್ಮೆ ಬೆಳೆಗಾರರೊಬ್ಬರು ಪ್ರಾಣ ಕಳೆದುಕೊಂಡದ್ದು ರಾಜ್ಯದ ಗಮನವನ್ನೇ ಸೆಳೆಯಿತು. ಒಂದು ಸಾವಿಗೆ ಒಂದೇ ಕಾರಣವನ್ನು ಅಂಟಿಸುವುದು ಸರಿಯಲ್ಲವೆಂಬುದನ್ನು ಬಲ್ಲೆ. ಆದರೂ ದರ ಬಿದ್ದಾಗ ಸಾಲಗಾರನ ಮುಂದಿದ್ದ ದಾರಿಗಳು ಒಂದೊಂದಾಗಿ ಮುಚ್ಚಿಹೋಗುತ್ತವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಲೆಕ್ಕದ ಅನುಕೂಲಕ್ಕಾಗಿ ಹೊರದೇಶದ ಕಚ್ಚಾ ರೇಷ್ಮೆ ಬಂದರಿಗೆ ಕೆ.ಜಿ.ಗೆ 2,000 ರೂಪಾಯಿಯಂತೆ ಬರುತ್ತದೆಂದು ಇಟ್ಟುಕೊಳ್ಳಿ. ಶೇ. 30 ಸುಂಕವಿದ್ದರೆ ಅದರ ಬೆಲೆ 2,600, ಶೇ. 5 ಇದ್ದರೆ 2,100. ವ್ಯತ್ಯಾಸ 500 ರೂಪಾಯಿ. ಒಂದು ಕೆ.ಜಿ. ನೂಲು ತೆಗೆಯಲು ಸುಮಾರು ಏಳು ಕೆ.ಜಿ. ಗೂಡು ಬೇಕು. ಆದ್ದರಿಂದ ಆ 500 ರೂಪಾಯಿ ಗೂಡಿನ ಮೇಲೆ ಹಂಚಿಹೋದರೆ ಕೆ.ಜಿ.ಗೆ 70 ರೂಪಾಯಿಯಷ್ಟಾಗುತ್ತದೆ. ನಷ್ಟವೆಲ್ಲ ರೈತನ ಮೇಲೇ ಬೀಳುವುದಿಲ್ಲ, ರೀಲರೂ ವರ್ತಕನೂ ಒಂದಿಷ್ಟು ಹೊರುತ್ತಾರೆ ಎಂದರೂ, ಅರ್ಧವನ್ನು ಮಾತ್ರ ಹಿಡಿಯೋಣ: 35 ರೂಪಾಯಿ. ಇನ್ನೂರು ಮೊಟ್ಟೆ ಮೇಯಿಸಿ, ನೂರಕ್ಕೆ 60 ಕೆ.ಜಿ.ಯಂತೆ 120 ಕೆ.ಜಿ. ಗೂಡು ತೆಗೆದ ಕುಟುಂಬಕ್ಕೆ ಒಂದು ಬೆಳೆಯಲ್ಲಿ ಕೈತಪ್ಪುವುದು 4,200 ರೂಪಾಯಿ. ವರ್ಷಕ್ಕೆ ಐದು ಬೆಳೆಯಾದರೆ 21,000.

ಇದರ ಪಕ್ಕದಲ್ಲಿ ನೆರವನ್ನು ಇಟ್ಟು ನೋಡಬೇಕು. 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ರೈತ ಕುಟುಂಬಕ್ಕೆ ಸಿಗುವುದು ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ರಾಜ್ಯ ಸರ್ಕಾರ ಅದಕ್ಕೆ 4,000 ಸೇರಿಸುತ್ತಿದ್ದ ಕಾಲವೊಂದಿತ್ತು. ಈಗ ಅದು ನಿಂತಿದೆ. ಎರಡನ್ನೂ ಕೂಡಿಸಿದರೂ ಮೇಲಿನ ನಷ್ಟದ ಅರ್ಧವನ್ನು ತುಂಬುವುದಿಲ್ಲ. ಒಂದು ಕೈಯಿಂದ ಸುಂಕ ಇಳಿಸಿ ಇನ್ನೊಂದು ಕೈಯಿಂದ ಖಾತೆಗೆ ಹಣ ಹಾಕುವ ಸರ್ಕಾರವನ್ನು ಹೊಗಳುವ ಮುನ್ನ ಎರಡು ಕೈಗಳ ಲೆಕ್ಕವನ್ನೂ ಒಟ್ಟಿಗೆ ಇಟ್ಟು ನೋಡುವುದು ವಿವೇಕ. ಇದು ಯಾವ ಪಕ್ಷದ ಮೇಲಿನ ಮಾತೂ ಅಲ್ಲ. ಸುಂಕ ಇಳಿಸಿದವರು ಒಬ್ಬರು, ನೆರವು ತಂದವರು ಇನ್ನೊಬ್ಬರು, ನಿಲ್ಲಿಸಿದವರು ಮತ್ತೊಬ್ಬರು.

ಇನ್ನೊಂದು ಪಕ್ಕವನ್ನು ಹೇಳದಿದ್ದರೆ ಅನ್ಯಾಯವಾದೀತು. ಕಾಂಚೀಪುರ, ವಾರಾಣಸಿಗಳ ನೇಕಾರನೂ ನಮ್ಮಂತೆಯೇ ಕಾಯಕಜೀವಿ. ನೂಲಿನ ಬೆಲೆ ಏರಿದರೆ ಅವನ ಮಗ್ಗ ನಿಲ್ಲುತ್ತದೆ. 2011ರಲ್ಲಿ ಸುಂಕ ಇಳಿಸಿದ್ದರ ಹಿಂದೆ ನೂಲಿನ ಬೆಲೆಯೇರಿಕೆಯಿಂದ ತತ್ತರಿಸಿದ್ದ ಆ ವರ್ಗದ ಬೇಡಿಕೆಯೂ ಇತ್ತು. ಹುಳು ಸಾಕುವವನನ್ನೂ ಮಗ್ಗ ನಡೆಸುವವನನ್ನೂ ಎದುರಾಳಿಗಳನ್ನಾಗಿ ನಿಲ್ಲಿಸುವ ನೀತಿಯಲ್ಲಿಯೇ ದೋಷವಿದೆ. ನೇಕಾರನಿಗೆ ನೂಲಿನ ಮೇಲೆ ನೇರ ಸಹಾಯ ಕೊಡುವುದು ಒಂದು ದಾರಿ. ರೈತನ ದರವನ್ನು ಕೆಡವಿ ಅವನಿಗೆ ಅಗ್ಗದ ನೂಲು ಕೊಡುವುದು ಇನ್ನೊಂದು ದಾರಿ. ಎರಡನೆಯದು ಸರ್ಕಾರಕ್ಕೆ ಸುಲಭ, ಏಕೆಂದರೆ ಅದರ ವೆಚ್ಚ ಬಜೆಟ್ಟಿನ ಪುಸ್ತಕದಲ್ಲಿ ಕಾಣುವುದಿಲ್ಲ. ಅದನ್ನು ಭರಿಸಿದವನು ಮಳವಳ್ಳಿಯ ರೈತ.

ಎರಡು ವರ್ಷಗಳ ನಂತರ, 2013ರ ಬಜೆಟ್ಟಿನಲ್ಲಿ, ಸುಂಕವನ್ನು ಶೇ. 15ಕ್ಕೆ ಏರಿಸಲಾಯಿತು. ಆಮೇಲೆ ಅದು ಶೇ. 10ಕ್ಕೆ ಇಳಿದು, 2021ರಲ್ಲಿ ಪುನಃ ಶೇ. 15ಕ್ಕೆ ಬಂತು. ಈ ಅಂಕಿಗಳನ್ನು ಓದುವಾಗ ಒಂದು ವಿಷಯ ಗಮನಿಸಿ. ಹಿಪ್ಪುನೇರಳೆ ಕಡ್ಡಿ ನೆಟ್ಟರೆ ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಹುಳುಮನೆಗೆ ತಂದ ಸಾಲ ಐದಾರು ವರ್ಷ ಕಾಡುತ್ತದೆ. ಸುಂಕ ಮಾತ್ರ ಒಂದು ಸಂಜೆಯ ಅಧಿಸೂಚನೆಯಲ್ಲಿ ಬದಲಾಗುತ್ತದೆ. 2013ರಲ್ಲಿ ಸುಂಕ ಏರಿತೆಂದು, ಎರಡು ವರ್ಷಗಳ ನಡುವೆ ಗಿಡ ಕಿತ್ತು ಬೆಂಗಳೂರಿನ ಕಾವಲುಗಾರನ ಕೆಲಸಕ್ಕೆ ಹೋದವನು ಹಿಂದಿರುಗಿ ಬರುವುದಿಲ್ಲ.

ಇದು ಹಳೆಯ ಕತೆಯೆನ್ನುವವರು 2025ರ ಹತ್ತಿಯನ್ನು ನೋಡಬೇಕು. ಅಮೆರಿಕದ ಸುಂಕದಿಂದ ನಮ್ಮ ಜವಳಿ ಉದ್ಯಮಕ್ಕೆ ಸಂಕಟ ಒದಗಿದಾಗ, ಕೇಂದ್ರ ಸರ್ಕಾರ ಆಗಸ್ಟ್ 19ರಿಂದ ಹತ್ತಿಯ ಮೇಲಿನ ಶೇ. 11ರ ಆಮದು ಸುಂಕವನ್ನೇ ತೆರವುಗೊಳಿಸಿತು. ಮೊದಲು ಸೆಪ್ಟೆಂಬರ್ 30ರವರೆಗೆ, ಅನಂತರ ಡಿಸೆಂಬರ್ 31ರವರೆಗೆ. ಹಾವೇರಿ, ರಾಯಚೂರುಗಳ ಹೊಲದಲ್ಲಿ ಹತ್ತಿ ಬಿಡಿಸುವ ಕಾಲವೂ ಅದೇ. ಉದ್ಯಮದ ನೋವು ಸುಳ್ಳಲ್ಲ. ಆದರೆ ವಾಷಿಂಗ್ಟನ್ನಿನಲ್ಲಿ ಹಾಕಿದ ಸುಂಕದ ಭಾರ ಕೊನೆಗೆ ಯಾರ ಹೆಗಲಿಗೆ ಇಳಿಯಿತೆಂಬುದು ಗೋಷ್ಠಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ. ಇಂದು ಹತ್ತಿ, ನಾಳೆ ರೇಷ್ಮೆಯಾಗಲಾರದೆಂದು ಹೇಳುವವರು ಯಾರು?

ಹಾಗೆಂದು ಸುಂಕ ಏರಿಸಿಬಿಟ್ಟರೆ ಎಲ್ಲ ರೋಗಕ್ಕೂ ಮದ್ದಾಯಿತೆಂದು ಭಾವಿಸಬಾರದು. ಕಬ್ಬಿನ ವಿಷಯದಲ್ಲಿ ಅದು ನಿಚ್ಚಳವಾಗಿ ಕಂಡಿತು. 2015ರಲ್ಲಿ ಸಕ್ಕರೆಯ ಆಮದು ಸುಂಕ ಶೇ. 40 ಆಯಿತು, 2018ರ ಫೆಬ್ರವರಿಯಲ್ಲಿ ಶೇ. 100ಕ್ಕೇ ಏರಿತು. ಆದರೂ 2015ರ ಬೇಸಿಗೆಯ ನಂತರ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಬಂದ ಸಾವಿನ ಸುದ್ದಿಗಳನ್ನು ಯಾರೂ ಮರೆತಿಲ್ಲ. ಗೋದಾಮುಗಳಲ್ಲಿ ದೇಶದ ಸಕ್ಕರೆಯೇ ರಾಶಿಬಿದ್ದಿರುವಾಗ ಹೊರಗಿನದನ್ನು ತಡೆದರೆ ಆಗುವ ಲಾಭ ಅಷ್ಟಕ್ಕಷ್ಟೆ. ಆಗ ಬೇಕಾದದ್ದು ಕಾರ್ಖಾನೆಯಿಂದ ಬರಬೇಕಾದ ಬಾಕಿ. ಮೃತ ರೈತನ ಕುಟುಂಬಕ್ಕೆ ಪರಿಹಾರವನ್ನು ರಾಜ್ಯ ಸರ್ಕಾರ ಆ ವರ್ಷ 5 ಲಕ್ಷಕ್ಕೆ ಏರಿಸಿತು, ಮೆಚ್ಚತಕ್ಕದ್ದೇ. ಬದುಕಿದ್ದಾಗ ಕಬ್ಬಿನ ಹಣ ಸಕಾಲಕ್ಕೆ ಬಂದಿದ್ದರೆ ಆ ಪರಿಹಾರದ ಕಡತವೇ ತೆರೆಯುತ್ತಿರಲಿಲ್ಲವೆಂಬ ಮನೆಗಳೂ ಇವೆ.

ನೆರವು ಮತ್ತು ಸುಂಕ ಎರಡೂ ಸರಿಯಾಗಿ ಕೂಡಿ ನಡೆದ ನಿದರ್ಶನವೊಂದಿದೆ: ಹಾಲು. ಹಾಲಿನ ಪುಡಿಯ ಮೇಲಿನ ಶೇ. 60ರ ಆಮದು ಸುಂಕ ಬಹುಕಾಲದಿಂದ ಅಲುಗಾಡಿಲ್ಲ. ನ್ಯೂಜಿಲೆಂಡಿನ ಹಾಲಿಗೆ ಬಾಗಿಲು ತೆರೆದೀತೆಂಬ ಭಯವಿದ್ದ ಆರ್‌ಸಿಇಪಿ ಒಪ್ಪಂದದಿಂದ 2019ರ ನವೆಂಬರ್ 4ರಂದು ಭಾರತ ಹೊರಗುಳಿಯಿತು. ಇತ್ತ ರಾಜ್ಯ ಸರ್ಕಾರ 2008ರಿಂದ ಲೀಟರಿಗೆ ಇಷ್ಟೆಂದು ಪ್ರೋತ್ಸಾಹಧನ ಕೊಡುತ್ತ ಬಂದು, ಅದು 2 ರೂಪಾಯಿಯಿಂದ 5ಕ್ಕೆ ಏರಿತು. ತಿಂಗಳುಗಟ್ಟಲೆ ಬಾಕಿ ಉಳಿದದ್ದುಂಟು, ಅದು ಬೇರೆ ಮಾತು. ಆದರೆ ಗೆಜ್ಜಲಗೆರೆಯ ಡೇರಿಗೆ ಹಾಲು ಹಾಕುವ ಹೆಣ್ಣುಮಗಳಿಗೆ ಆ 5 ರೂಪಾಯಿ ಪಡೆಯಲು ಪಹಣಿ ಬೇಕಿಲ್ಲ. ಕರೆದ ಹಾಲೇ ಅವಳ ದಾಖಲೆ. ಕಾಯಕಕ್ಕೆ ತಕ್ಕ ಬೆಲೆ ಎಂಬ ಶರಣರ ವಿಚಾರಕ್ಕೆ ಇದು ಹತ್ತಿರವಾದ ನೆರವು. ದಾಸೋಹವನ್ನು ಭಿಕ್ಷೆಯಿಂದ ಬೇರ್ಪಡಿಸಿದ ಪರಂಪರೆ ನಮ್ಮದು. ಕೃಷಿಕನಾಗಿದ್ದ ಒಕ್ಕಲಿಗ ಮುದ್ದಣ್ಣನೂ ಅನುಭವ ಮಂಟಪದ ಪರಂಪರೆಯಲ್ಲಿ ಕೊಡುವವನಾಗಿಯೇ ನಿಂತವನು, ಬೇಡುವವನಾಗಿ ಅಲ್ಲ.

ಭೂಮಿಯನ್ನು ಆಧರಿಸಿದ ನೆರವಿನ ತೊಡಕು ಶ್ರೀಮಠದ ಕಚೇರಿಯಲ್ಲಿ ನಿತ್ಯ ಕಾಣುತ್ತದೆ. ಕಿಸಾನ್ ಸಮ್ಮಾನ್ ಹಣಕ್ಕೆ 2019ರ ಫೆಬ್ರವರಿ 1ರಂದು ಪಹಣಿಯಲ್ಲಿ ಹೆಸರಿರಬೇಕು. ಆಮೇಲೆ ಮರಣಾನಂತರ ವಾರಸಾಗಿ ಬಂದವರಿಗೆ ಮಾತ್ರ ವಿನಾಯಿತಿ. ಗುತ್ತಿಗೆಗೆ, ವಾರಕ್ಕೆ ಮಾಡುವವನಿಗೆ ಇಲ್ಲ. ತಾತನ ಹೆಸರಿನಲ್ಲೇ ಉಳಿದ ಜಮೀನಿನಲ್ಲಿ ಮೂರು ಮನೆಗಳವರು ದುಡಿಯುತ್ತಿದ್ದರೆ ಮೂವರೂ ಲೆಕ್ಕದ ಹೊರಗೆ. ಗಂಡ ತೀರಿಕೊಂಡ ಹೆಣ್ಣುಮಗಳೊಬ್ಬಳು ಪೌತಿ ಖಾತೆಯಾಗದೆ ಅಲೆದು, ಕೊನೆಗೆ ಇಲ್ಲಿ ಬಂದು ಕುಳಿತಾಗ ಅವಳ ಕೈಯಲ್ಲಿದ್ದದ್ದು ಖಾಸಗಿ ಸಾಲದ ಚೀಟಿಗಳು ಮಾತ್ರ. ಅಂಥ ಚೀಟಿಗಳು ಪರಿಹಾರದ ಅರ್ಜಿಯಲ್ಲಿ ಸಾಲದ ಪುರಾವೆಯಾಗಿ ನಿಲ್ಲುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು.

ಆದ್ದರಿಂದ ಭಕ್ತಬಾಂಧವರಲ್ಲಿ ಎರಡು ವಿನಂತಿ. ಹಿರಿಯರು ಬದುಕಿರುವಾಗಲೇ ವಿಭಾಗಪತ್ರ, ತೀರಿಕೊಂಡಿದ್ದರೆ ಪೌತಿ ಖಾತೆ, ಫ್ರೂಟ್ಸ್ ನೋಂದಣಿ ಇವುಗಳನ್ನು ಮುಂದೂಡಬೇಡಿ. ಕಾಗದಪತ್ರ ಬರೆಸಲು ಕಚೇರಿಗೆ ಬಂದವರಿಗೆ ನೆರವಾಗುತ್ತೇವೆ. ಎರಡನೆಯದು, ಮತ ಕೇಳಲು ಬರುವವರನ್ನು ಖಾತೆಗೆ ಎಷ್ಟು ಹಾಕುತ್ತೀರೆಂದು ಮಾತ್ರ ಕೇಳಬೇಡಿ. ಕಚ್ಚಾ ರೇಷ್ಮೆಯ ಸುಂಕವನ್ನು ಬದಲಿಸುವ ಮುನ್ನ ಒಂದು ವರ್ಷದ ಮುನ್ಸೂಚನೆ ಕೊಡಿಸುವಿರಾ, ಇಳಿಸಲೇಬೇಕಾದರೆ ಆ ವರ್ಷ ಗೂಡಿನ ಮೇಲೆ ಕೆ.ಜಿ. ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಡಿಸುವಿರಾ ಎಂದು ಕೇಳಿ. ಮುಂದಿನ ಬಜೆಟ್ ಫೆಬ್ರವರಿಯಲ್ಲಿ. ಪತ್ರ ಬರೆಯಲು ಇದೇ ಸಮಯ.