ಬಂಜೆ ಅನ್ನೋ ಮೊದಲು ನಿಮ್ಮ ರಿಪೋರ್ಟ್ ತೋರಿಸಿ



ಕಳೆದ ವಾರ ನಮ್ಮ ಹೋರಾಟದ ಗೆಳೆಯರೊಬ್ಬರು ಆಫೀಸಿಗೆ ಬಂದು ಲಗ್ನಪತ್ರಿಕೆ ಕೊಟ್ಟರು. ಅವರದ್ದೇ, ಎರಡನೇ ಮದುವೆ. ಪತ್ರಿಕೆ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ. ಮೊದಲನೆಯವರ ಬಗ್ಗೆ ಕೇಳಿದೆ. "ಡೈವೋರ್ಸ್ ಆಯ್ತಲ್ಲ ಸಾರ್. ಎಂಟು ವರ್ಷ ಕಾದೆ, ಮಕ್ಕಳಾಗ್ಲಿಲ್ಲ" ಅಂದರು. "ನೀವು ಟೆಸ್ಟ್ ಮಾಡಿಸಿದ್ರಾ?" ಅಂದೆ. ಸಿಟ್ಟು ಬಂತು. "ನಾನ್ಯಾಕೆ? ಗಂಡಸಲ್ವಾ ನಾನು?"

ಎಂಟು ವರ್ಷ! ಮನುಸ್ಮೃತಿಯ ಒಂಬತ್ತನೇ ಅಧ್ಯಾಯ ತೆಗೆದು ನೋಡಿ. ಹೆಂಡತಿ ಬಂಜೆಯಾದರೆ ಎಂಟನೇ ವರ್ಷಕ್ಕೆ ಇನ್ನೊಬ್ಬಳನ್ನ ತರಬಹುದು ಅಂತ ಇದೆ. ಹೆಣ್ಣು ಹೊಲ, ಗಂಡು ಬೀಜ, ಬೀಜವೇ ಹೆಚ್ಚು ಅಂತಲೂ ಅದೇ ಅಧ್ಯಾಯದಲ್ಲಿದೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು ಸುಟ್ಟಿದ್ದು ಇದೇ ಪುಸ್ತಕವನ್ನ. ಪ್ರತಿ ಡಿಸೆಂಬರ್ 25ಕ್ಕೆ ನಾವೂ ಸುಡ್ತೀವಿ. ಮನೆಗೆ ಬಂದು ಅದರ ಪ್ರಕಾರವೇ ಸಂಸಾರ ಮಾಡ್ತೀವಿ.

ಬೇರೆಯವರನ್ನ ಬೈಯೋ ಯೋಗ್ಯತೆ ನನಗೂ ಇರಲಿಲ್ಲ. ಮದುವೆಯಾಗಿ ಐದು ವರ್ಷ ನನ್ನ ಹೆಂಡತಿಗೆ ಸ್ಕ್ಯಾನಿಂಗ್, ಹಾರ್ಮೋನ್ ಇಂಜೆಕ್ಷನ್, ಗರ್ಭನಾಳಕ್ಕೆ ಔಷಧಿ ಬಿಟ್ಟು ತೆಗೆಯೋ ಎಕ್ಸ್‌ರೇ. ಅವಳು ನೋವಿನಿಂದ ಬೆಂಚಿನ ಮೇಲೆ ಮುದುಡಿ ಕೂತಿದ್ದಾಗ ನಾನು ಹೊರಗೆ ಟೀ ಕುಡೀತಿದ್ದೆ. ಸೀಮಂತ, ನಾಮಕರಣಕ್ಕೆ ಅವಳನ್ನ ಯಾರೂ ಕರೀತಿರಲಿಲ್ಲ. ಮಗು ಮುಟ್ಟಬೇಡ, ಮುಂದೆ ನಿಲ್ಲಬೇಡ. ಇದು ಅಸ್ಪೃಶ್ಯತೆ ಅಲ್ಲದೆ ಇನ್ನೇನು? ಮಾಡಿದ್ದು ಮೇಲ್ಜಾತಿಯವರಲ್ಲ, ನಮ್ಮ ಕೇರಿಯವರೇ.

ಕೊನೆಗೆ ಒಬ್ಬ ಡಾಕ್ಟರಮ್ಮ ಫೈಲ್ ಮುಚ್ಚಿ, "ಇವರದು ಎಲ್ಲಾ ಸರಿಯಿದೆ. ನಿಮ್ಮ ರಿಪೋರ್ಟ್ ಎಲ್ಲಿ?" ಅಂದರು. ಒಂದು ಸಣ್ಣ ಡಬ್ಬಿ, ಕೆಲವು ನೂರು ರೂಪಾಯಿ. ಅಷ್ಟರಲ್ಲೇ ಉತ್ತರ ಸಿಕ್ತು. ವೀರ್ಯಾಣು ತೀರಾ ಕಮ್ಮಿ, ಇದ್ದವುಗಳಲ್ಲಿ ಆಕಾರ ಸರಿಯಿದ್ದದ್ದು ನೂರಕ್ಕೆ ಒಂದು. ಆಮೇಲೆ ರಕ್ತ ತೆಗೆದು ಕ್ರೋಮೋಸೋಮ್ ಪರೀಕ್ಷೆ ಮಾಡಿದರು. ಎರಡು ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿವೆ. ಹುಟ್ಟಿನಿಂದಲೇ ಹೀಗೆ, ಮೈಗೆ ಯಾವ ಕಾಯಿಲೆಯೂ ಇಲ್ಲ.

ಗಂಡಸರೇ, ಸ್ವಲ್ಪ ತಿಳ್ಕೊಳ್ಳಿ. ಮಕ್ಕಳಿರೋ ಗಂಡಸರಲ್ಲೂ ಹೆಚ್ಚಿನ ವೀರ್ಯಾಣುಗಳ ಆಕಾರ ಸರಿ ಇರಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರೋ ಕೆಳಗಿನ ಗೆರೆಯೇ ನೂರಕ್ಕೆ 4. ಅದಕ್ಕಿಂತ ಕಮ್ಮಿ ಬಂದ ಮಾತ್ರಕ್ಕೆ ಮಕ್ಕಳೇ ಆಗಲ್ಲ ಅಂತಲ್ಲ, ಕ್ರೋಮೋಸೋಮ್ ಕೆಟ್ಟಿದೆ ಅಂತಲೂ ಅಲ್ಲ. ಆದರೆ ಕೆಲವರಲ್ಲಿ ಎರಡಕ್ಕೂ ನಂಟಿದೆ. ಎಲ್ಲಾ ವೀರ್ಯಾಣುಗಳಿಗೂ ದೊಡ್ಡ ತಲೆ, ಹಲವು ಬಾಲ ಇರೋ ಅಪರೂಪದ ತೊಂದರೆಯಲ್ಲಿ ಕ್ರೋಮೋಸೋಮ್ ಲೆಕ್ಕವೇ ಜಾಸ್ತಿ ಇರುತ್ತೆ. ಸುಮಾರು 600 ಗಂಡಸರಲ್ಲಿ ಒಬ್ಬರಿಗೆ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುತ್ತೆ. ಅದಕ್ಕೆ ಕ್ಲೈನ್‌ಫೆಲ್ಟರ್ ಅಂತಾರೆ. ಎಷ್ಟೋ ಜನಕ್ಕೆ ಅದು ಗೊತ್ತಾಗೋದೇ ಮಕ್ಕಳಾಗದೆ ಟೆಸ್ಟ್ ಮಾಡಿಸಿದಾಗ. ಇನ್ನು ಕೆಲವರಿಗೆ ವೈ ಕ್ರೋಮೋಸೋಮಿನ ಚೂರು ಇರಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನದೂ ಪಾಲಿದೆ. ಮೀಸೆ ನೋಡಿದರೆ ಇದು ಗೊತ್ತಾಗಲ್ಲ, ಹಾಸಿಗೆಯ ತಾಕತ್ತಿನಿಂದಲೂ ಗೊತ್ತಾಗಲ್ಲ.

ಒಂದೇ ರಿಪೋರ್ಟ್ ನೋಡಿ ಕಂಗಾಲಾಗಬೇಡಿ. ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು. ಜೋರು ಜ್ವರ ಬಂದಿದ್ದರೂ ಸಂಖ್ಯೆ ಇಳಿಯುತ್ತೆ. ಬೀಡಿ ಬಿಡಿ, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ. 'ಗುಪ್ತ ರೋಗ' ಬೋರ್ಡಿನವರಿಗೆ ದುಡ್ಡು ಸುರಿಯಬೇಡಿ. ಯಾವ ಲೇಹ್ಯವೂ ಕ್ರೋಮೋಸೋಮ್ ಸರಿ ಮಾಡಲ್ಲ.

ರಿಪೋರ್ಟ್ ಬಂದ ದಿನ ಅವ್ವನ ಮುಂದೆ ಕೂತು, "ತೊಂದರೆ ನಂದು ಕಣವ್ವ, ಅವಳದಲ್ಲ" ಅಂದೆ. ಅವ್ವ ಅತ್ತಳು. ಆಮೇಲೆ, "ಹೊರಗೆ ಹೇಳಬ್ಯಾಡ ಮಗ, ಮರ್ಯಾದೆ ಹೋಯ್ತದೆ" ಅಂದಳು. ಐದು ವರ್ಷ ನನ್ನ ಹೆಂಡತಿಯ ಮರ್ಯಾದೆ ಬೀದಿಯಲ್ಲಿದ್ದಾಗ ಯಾರಿಗೂ ಹೀಗನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ. ಇವತ್ತು ಅವಳಿಗೆ ಓದಿಸಿಯೇ ಇದನ್ನ ಹಾಕ್ತಿದ್ದೀನಿ.

ಗೆಳೆಯರೇ, ನಿಮ್ಮ ಮದುವೆಗೆ ನಾನು ಬರಲ್ಲ. ಟೆಸ್ಟ್‌ಗೆ ಹೋಗೋದಾದರೆ ಹೇಳಿ, ಆಫೀಸಿಗೆ ರಜೆ ಹಾಕಿ ಜೊತೆಗೆ ಬರ್ತೀನಿ. ಇಲ್ಲದಿದ್ದರೆ ಎಂಟು ವರ್ಷ ಆದಮೇಲೆ ಈ ಹೆಣ್ಣುಮಗಳನ್ನೂ ತವರಿಗೆ ಕಳಿಸ್ತೀರಿ.

ಜೈ ಭೀಮ್.